ಕೀಲಿಕೈ ಪೆಟ್ಟಿಗೆಯೊಳಗೆ ಇಡಬೇಡ, ತಮ್ಮಾ

ತಮ್ಮಾ, ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆಯಲ್ಲ, ನಿನ್ನ ದನಿ ಕೇಳಿದಾಗಲೇ ಗೊತ್ತಾಯಿತು, ಹುಡುಗ ಏನೋ ಕೆಡಿಸಿಕೊಂಡು ಕೂತಿದ್ದಾನೆ ಅಂತ. ನಾಲ್ಕು ದಿನ ನಿದ್ದೆಗೆಟ್ಟು ಸ್ವಂತ ಲಿನಕ್ಸ್ ಕಟ್ಟಿದ್ದೆ. ಕಂಪೈಲರಿನಿಂದ ಹಿಡಿದು ಎಲ್ಲವನ್ನೂ ಮೂಲ ಕೋಡಿನಿಂದ ನೀನೇ ತಯಾರು ಮಾಡಿದ್ದೆ. ಕೊನೆಗೆ ಯಂತ್ರ ಚಾಲೂ ಮಾಡಿದರೆ ಕರೀ ಪರದೆ. ರೂಟ್ ಫೈಲ್‌ಸಿಸ್ಟಮ್ ಮೌಂಟ್ ಮಾಡಲಾಗುತ್ತಿಲ್ಲ ಎಂಬ ಗೋಳು, ಮುಂದೆ ‘ಅನ್‌ನೋನ್ ಬ್ಲಾಕ್’ ಅಂತ, ಕಂಸದಲ್ಲಿ ಎರಡು ಸೊನ್ನೆ. “ಪುಸ್ತಕದಾಗ ಇದ್ದಂಗ ಎಲ್ಲಾ ಮಾಡೀನಿ ಅಜ್ಜಾ” ಅಂದೆ. ನಾನು ಒಂದೇ ಮಾತು ಕೇಳಿದೆ, “ಡಿಸ್ಕಿನ ಡ್ರೈವರ್ ಎಲ್ಲಿಟ್ಟಿ?” ನೀನು ಹೆಮ್ಮೆಯಿಂದಲೇ ಹೇಳಿದೆ, “ಕರ್ನಲ್ ಹಗುರ ಆಗಲಿ ಅಂತ ಮಾಡ್ಯೂಲ್ ಮಾಡಿ ಡಿಸ್ಕಿನಾಗ ಇಟ್ಟೀನಿ.”

ನಮ್ಮ ಸಂಪಗಾಂವದ ಮನೆಯ ದೇವರಮನೆಯಲ್ಲಿ ತೇಗದ ಪೆಟ್ಟಿಗೆ ಇದೆಯಲ್ಲ, ಹಿತ್ತಾಳೆ ಕೀಲಿಯದು, ಒತ್ತಿದರೆ ಸಾಕು ತಾನೇ ಬೀಳುವಂಥದ್ದು. ನಿಮ್ಮಜ್ಜಿ ಅದರ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ಇರುತ್ತಿದ್ದಳು. ನೀನು ಆರು ವರ್ಷದವನಿದ್ದಾಗ ಒಂದು ದಿನ ಅದನ್ನು ಬಿಚ್ಚಿಕೊಂಡು, ಒಳಗಿದ್ದ ಬೆಲ್ಲದುಂಡೆ ಎತ್ತಿಕೊಂಡು, ಯಾರಿಗೂ ಸಿಗಬಾರದೆಂದು ಕೀಲಿಕೈಯನ್ನು ಒಳಗೇ ಇಟ್ಟು ಮುಚ್ಚಳ ಒತ್ತಿಬಿಟ್ಟಿದ್ದೆ. ಬಡಿಗೇರ ಬಂದು ಹಿಂದಿನ ಹಲಗೆ ಕಿತ್ತ. ಆ ಹಲಗೆಯ ಮೊಳೆ ಇವತ್ತಿಗೂ ಸೊಟ್ಟಗಿದೆ. ಮೊನ್ನೆ ನೀನು ಮಾಡಿದ್ದೂ ಅದೇ ಕೆಲಸ. ಡಿಸ್ಕ್ ಓದಲು ಡ್ರೈವರ್ ಬೇಕು, ಡ್ರೈವರ್ ಡಿಸ್ಕಿನ ಹೊಟ್ಟೆಯಲ್ಲಿದೆ. ಕರ್ನಲ್ ಪಾಪ ಏನು ಮಾಡೀತು?

ಕಂಸದಲ್ಲಿದ್ದ ಆ ಎರಡು ಸೊನ್ನೆಗಳನ್ನು ನೀನು ಓದಲೇ ಇಲ್ಲ. ಅವಸರದವರಿಗೆ ದೋಷದ ಸಂದೇಶವೆಂದರೆ ಬೈಗುಳದ ಹಾಗೆ, ಕಿವಿ ಮುಚ್ಚಿಕೊಂಡುಬಿಡುತ್ತಾರೆ. ಲಿನಕ್ಸ್‌ನಲ್ಲಿ ಪ್ರತಿ ಸಾಧನಕ್ಕೂ ಎರಡು ಅಂಕಿ ಇರುತ್ತವೆ. ಮೊದಲನೆಯದು ಯಾವ ಜಾತಿಯ ಡ್ರೈವರ್ ಅಂತ ಹೇಳುತ್ತದೆ, ಎರಡನೆಯದು ಅದರಲ್ಲಿ ಎಷ್ಟನೆಯ ಕೂಸು ಅಂತ. ಎಸ್‌ಡಿಎ ಡಿಸ್ಕಿಗೆ 8, 0. ಅದರ ಮೊದಲ ಪಾರ್ಟಿಶನ್ನಿಗೆ 8, 1. ಎಲ್ಲವನ್ನೂ ನುಂಗುವ /ಡೆವ್/ನಲ್‌ಗೆ 1, 3. ಕನ್ಸೋಲಿಗೆ 5, 1. ಕಂಸದಲ್ಲಿ 0, 0 ಬಂದರೆ ನೀನು ಹೇಳಿದ ಡಿಸ್ಕ್ ಕರ್ನಲ್‌ಗೆ ಕಂಡೇ ಇಲ್ಲ ಅಂತ ಅರ್ಥ. 8, 1 ಅಂತ ಬಂದಿದ್ದರೆ ಡಿಸ್ಕ್ ಕಂಡಿದೆ, ಅದರ ಮೇಲಿರುವ ಎಕ್ಸ್ಟ್4 ಬರಹ ಓದಲು ಬರುತ್ತಿಲ್ಲ ಅಂತ. ರೋಗವೇ ಬೇರೆ, ಔಷಧವೂ ಬೇರೆ. ನೀನು ಮಾತ್ರ ಇದ್ಯಾವುದನ್ನೂ ನೋಡದೆ ಎಲ್ಲ ಅಳಿಸಿ ಮೊದಲಿನಿಂದ ಕಟ್ಟಲು ಹೊರಟಿದ್ದೆ. ನಾನು ತಡೆಯದಿದ್ದರೆ ಇನ್ನೂ ನಾಲ್ಕು ದಿನ ಹೋಗಿ ಅದೇ ಕರೀ ಪರದೆಗೆ ಬಂದು ನಿಲ್ಲುತ್ತಿದ್ದೆ.

ದಾರಿ ಎರಡೇ. ಡಿಸ್ಕಿನ ಡ್ರೈವರ್ರೂ ಅದರ ಮೇಲಿನ ಫೈಲ್‌ಸಿಸ್ಟಮ್ಮಿನ ಡ್ರೈವರ್ರೂ ಕರ್ನಲ್ ಒಳಗೇ ಬೆರೆತಿರಲಿ. ಇಲ್ಲದಿದ್ದರೆ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಬುತ್ತಿ ಕಟ್ಟಿ ಕೈಗೆ ಕೊಡು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಡುತ್ತಾರಲ್ಲ, ಹಾಗೆ. ಗುಡ್ಡದ ಮೇಲೆ ಪಡ್ಡಲಗಿ ಸಿಕ್ಕೇ ಸಿಗುತ್ತದೆ, ಆದರೆ ಅಲ್ಲಿ ಮುಟ್ಟುವತನಕ ಹೊಟ್ಟೆಗೆ ಏನಾದರೂ ಬೇಕಲ್ಲ. ಅಸಲಿ ಡಿಸ್ಕ್ ಕೈಗೆ ಸಿಗುವ ತನಕ ಕರ್ನಲ್‌ಗೂ ಆ ಬುತ್ತಿಯೇ ಗತಿ.

ಇದಿಷ್ಟು ಫೋನಿನಲ್ಲೇ ಹೇಳಿದ್ದೆ. ನೀನು “ಆತು ಆತು” ಅಂದು ಇಟ್ಟುಬಿಟ್ಟೆ. ಉಳಿದದ್ದನ್ನು ಬರೆದೇ ಹೇಳಬೇಕು ಅನ್ನಿಸಿತು. ತಂಗೀ, ನೀನೂ ಅಣ್ಣನ ಭುಜದ ಮೇಲಿಂದ ಇಣುಕಿ ಓದುತ್ತಿರುವೆ ಅಂತ ಗೊತ್ತು. ಸರಿದು ಕೂತು ಓದು, ಇದು ನಿನಗೂ ಬೇಕಾಗುತ್ತದೆ.

ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಎಂಬ ಪುಸ್ತಕವನ್ನು ಜೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಶುರು ಮಾಡಿದ. ಅದರ ಕೈ ಹಿಡಿದು ನೀನು ಈ ಹಾದಿಗೆ ಬಂದದ್ದು ನನಗೆ ಎಷ್ಟು ಸಂತೋಷವೋ ಹೇಳಲಾರೆ. ಕಟ್ಟಿದ ಮನೆಯಲ್ಲಿ ಬಾಡಿಗೆಗಿರುವವನಿಗೆ ತೊಲೆ ಎಲ್ಲಿದೆ, ನೀರಿನ ಕೊಳವೆ ಎಲ್ಲಿ ಹೋಗಿದೆ ಅಂತ ತಿಳಿಯುವುದಿಲ್ಲ. ಕಟ್ಟಿದವನಿಗೆ ತಿಳಿಯುತ್ತದೆ. ಆದರೆ ನಿನಗೊಂದು ಚಟ ಇದೆ. ಅಲ್ಲಲ್ಲಿ ‘ಇದೇಕೆ ಬೇಕು, ಅದೇಕೆ ಇಲ್ಲಿದೆ’ ಅಂತ ಕಿತ್ತು ಹಾಕುತ್ತೀ. ಹೋದ ವಾರ /ಬಿನ್, /ಎಸ್‌ಬಿನ್, /ಲಿಬ್ ಇವುಗಳ ಕೊಂಡಿಗಳನ್ನೇ ಅಳಿಸಿದ್ದೆ ಅಂದೆಯಲ್ಲ, “ಎಲ್ಲಾ /ಯುಎಸ್‌ಆರ್ ಒಳಗೇ ಐತಿ, ಮತ್ತ ಹೊರಗ ಇವು ಯಾಕ?” ಅಂತ. ಆ ಪ್ರಶ್ನೆಗೆ ಉತ್ತರ ಹಳೆಯದು, ಸ್ವಲ್ಪ ಕೂತು ಕೇಳು.

ಯೂನಿಕ್ಸ್ ಹುಟ್ಟಿದ ಕಾಲಕ್ಕೆ, 1970ರ ಆಸುಪಾಸಿನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬಳಸುತ್ತಿದ್ದ ಯಂತ್ರದ ಮೊದಲ ಡಿಸ್ಕ್ ತುಂಬಿಹೋಯಿತು. ಎರಡನೆಯ ಡಿಸ್ಕಿನಲ್ಲಿ ಬಳಕೆದಾರರ ಫೈಲುಗಳಿದ್ದವು, ಅದರ ಹೆಸರೇ /ಯುಎಸ್‌ಆರ್. ಹೆಚ್ಚಾದದ್ದನ್ನು ಅಲ್ಲಿಗೆ ಸಾಗಿಸಿದರು, ಅಲ್ಲಿಯೂ ಒಂದು ಬಿನ್, ಒಂದು ಲಿಬ್ ಮಾಡಿದರು. ಎರಡನೆಯ ಡಿಸ್ಕನ್ನು ಮೌಂಟ್ ಮಾಡುವ ಮೊದಲೇ ಬೇಕಾಗುವ ಸಾಮಾನು ಮೊದಲನೆಯದರಲ್ಲೇ ಇರಬೇಕು ಎಂಬ ಕಟ್ಟುಪಾಡು ಆಗ ಬಂತು. ಮುಂದೆ ಡಿಸ್ಕು ದೊಡ್ಡವಾದವು, ಕಾರಣ ಮರೆತುಹೋಯಿತು, ರೂಢಿ ಮಾತ್ರ ಉಳಿಯಿತು. ಯಾವುದು ಎಲ್ಲಿರಬೇಕು ಎಂದು 1994ರಲ್ಲಿ ಲಿನಕ್ಸ್‌ನವರು ಒಂದು ಒಪ್ಪಂದ ಬರೆದರು. ಅದೇ ಬೆಳೆದು ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ ಆಯಿತು. ಅದರ 3.0 ಆವೃತ್ತಿ 2015ರದು.

ಈ ನಡುವೆ ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ಎಂಬ ಪ್ರೋಗ್ರಾಮು ಬಂದು ತೊಡಕಾಯಿತು. ಯಂತ್ರ ಏಳುವ ಮೊದಲ ಗಳಿಗೆಯಲ್ಲೇ ಯೂಡೆವ್ ಕೆಲಸಕ್ಕೆ ಇಳಿಯುತ್ತದೆ, ಸಾಧನ ಕಂಡ ಹಾಗೆ ನಿಯಮ ಓದುತ್ತದೆ. ಆ ನಿಯಮಗಳಲ್ಲಿ ಕೆಲವು /ಯುಎಸ್‌ಆರ್ ಒಳಗಿನ ಪ್ರೋಗ್ರಾಮುಗಳನ್ನು ಕರೆಯತೊಡಗಿದವು. /ಯುಎಸ್‌ಆರ್ ಬೇರೆ ಪಾರ್ಟಿಶನ್ನಿನಲ್ಲಿದ್ದು ಇನ್ನೂ ಮೌಂಟ್ ಆಗಿರದಿದ್ದರೆ ಕರೆದವನಿಗೆ ಉತ್ತರವೇ ಇಲ್ಲ. ಒಮ್ಮೆ ಧ್ವನಿ ಕಾರ್ಡ್ ಬರುತ್ತಿರಲಿಲ್ಲ, ಒಮ್ಮೆ ಪ್ರಿಂಟರ್ ಬರುತ್ತಿರಲಿಲ್ಲ, ಕಾರಣ ಹುಡುಕಿ ಹುಡುಕಿ ಜನ ಹಣ್ಣಾದರು. ಮತ್ತದೇ ಪೆಟ್ಟಿಗೆ, ಅದೇ ಕೀಲಿಕೈ. ಕೊನೆಗೆ 2012ರಲ್ಲಿ ಫೆಡೋರಾ 17ರವರು ಎಲ್ಲವನ್ನೂ /ಯುಎಸ್‌ಆರ್ ಒಳಗೆ ಒಂದುಗೂಡಿಸಿ, ಹಳೆಯ ಜಾಗದಲ್ಲಿ ಕೊಂಡಿ ಬಿಟ್ಟರು. ನಿನ್ನ ಪುಸ್ತಕವೂ 2021ರ 11ನೆಯ ಆವೃತ್ತಿಯಲ್ಲಿ ಅದೇ ಹಾದಿ ಹಿಡಿಯಿತು. ಡೆಬಿಯನ್‌ನವರು 2023ರ 12ನೆಯ ಆವೃತ್ತಿಗೆ ಅದನ್ನು ಕಡ್ಡಾಯ ಮಾಡಿದರು. ಅಲ್ಲಿಯವರೆಗೆ ವರ್ಷಗಟ್ಟಲೆ ಅರೆಬರೆ ಸ್ಥಿತಿಯಲ್ಲಿ ತಿಣುಕಿದರು. ಅವರ ಪ್ಯಾಕೇಜ್ ವ್ಯವಸ್ಥೆಗೆ /ಬಿನ್ ಒಳಗಿನ ಫೈಲೂ /ಯುಎಸ್‌ಆರ್/ಬಿನ್ ಒಳಗಿನ ಫೈಲೂ ಒಂದೇ ಎಂದು ತಿಳಿಯುತ್ತಲೇ ಇರಲಿಲ್ಲ.

ಈಗ ನೀನು ಕಿತ್ತುಹಾಕಿದ ಕೊಂಡಿಗಳ ಮಾತು. ನಿನ್ನ ಮುತ್ತಜ್ಜನ ಹೊಲದ ಹಳೆಯ ಕಾಗದ ಅಟ್ಟದ ಮೇಲಿದೆ, ಮುಂದಿನ ಸಲ ತೋರಿಸುತ್ತೇನೆ. ಅದರಲ್ಲಿ ಬೈಲಹೊಂಗಲ ತಾಲೂಕು ಅಂತ ಎಲ್ಲೂ ಇಲ್ಲ, ಸಂಪಗಾಂವ ತಾಲೂಕು ಅಂತ ಇದೆ. ಈಗ ನಮ್ಮೂರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ ಅಷ್ಟೇ. ನಿನ್ನ ಅಜ್ಜಿಯ ತವರಿನ ಕಾಗದದಲ್ಲಿ ಪರಸಗಡ ತಾಲೂಕು ಅಂತಿದೆ. ಪರಸಗಡ ಅನ್ನುವುದು ಸವದತ್ತಿಯ ಪಕ್ಕದ ಕೋಟೆಯ ಹೆಸರು. ಹೆಸರು ಕೋಟೆಯದು, ಕಚೇರಿ ಸವದತ್ತಿಯಲ್ಲಿ. ವಿಧಾನಸಭೆಯ ಕ್ಷೇತ್ರಕ್ಕಂತೂ 2008ರ ಚುನಾವಣೆ ಬರುವತನಕ ಪರಸಗಡ ಎಂಬ ಹೆಸರೇ ಇತ್ತು. ಈಗ ಯಾರಾದರೂ ಹಳೆಯ ಕಾಗದ ಹಿಡಿದು ಬಂದರೆ ಕಚೇರಿಯವರು ‘ಪರಸಗಡ ಅನ್ನುವ ತಾಲೂಕೇ ಇಲ್ಲ, ನಡಿ’ ಅನ್ನುವುದಿಲ್ಲ. ಪರಸಗಡ ಅಂದರೆ ಸವದತ್ತಿ ಅಂತ ತಿಳಿದು ಕಡತ ತೆಗೆಯುತ್ತಾರೆ. ಹಳೆಯ ಹೆಸರಿನಿಂದ ಹೊಸ ಜಾಗಕ್ಕೆ ದಾರಿ ಇರುವುದರಿಂದಲೇ ಅಜ್ಜ ಬರೆಸಿದ ಪತ್ರ ಮೊಮ್ಮಗನಿಗೆ ಹೊಲ ಉಳಿಸಿಕೊಡುತ್ತದೆ. ಸಿಮ್‌ಲಿಂಕ್ ಅಂದರೆ ಇಷ್ಟೇ. ಸಾವಿರಾರು ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ /ಬಿನ್/ಎಸ್‌ಎಚ್ ಅಂತ ಬರೆದಿದೆ, ಬಹುತೇಕ ಪ್ರತಿಯೊಂದು ಪ್ರೋಗ್ರಾಮಿನ ಹಣೆಯ ಮೇಲೂ ಲೋಡರಿನ ವಿಳಾಸ /ಲಿಬ್64 ಅಂತ ಕೊರೆದಿದೆ. ಅವರೆಲ್ಲ ಹಳೆಯ ಕಾಗದ ಹಿಡಿದು ಬರುವ ರೈತರು. ನೀನು ಕೊಂಡಿ ಅಳಿಸಿದರೆ ಒಂದು ಕಮಾಂಡೂ ಏಳುವುದಿಲ್ಲ, ಅಳಿಸಿದ್ದನ್ನು ಸರಿ ಮಾಡುವ ಕಮಾಂಡ್ ಕೂಡ ಏಳುವುದಿಲ್ಲ.

ಆದ್ದರಿಂದ ಏನನ್ನಾದರೂ ಕೀಳುವ ಮೊದಲು ಒಂದು ಪ್ರಶ್ನೆ ಕೇಳಿಕೋ. ಯಂತ್ರ ಎದ್ದ ಮೊದಲ ಹತ್ತು ಸೆಕೆಂಡಿನಲ್ಲಿ ಇದನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಉತ್ತರ ಗೊತ್ತಿಲ್ಲದಿದ್ದರೆ ಮುಟ್ಟಬೇಡ.

ಇನ್ನು ಸಾಧನಗಳ ಮಾತಿಗೆ ಬರೋಣ. ಇದರಲ್ಲಿ ನನ್ನ ಕೈ ಸುಟ್ಟಿದೆ, ಹಾಗಾಗಿ ಸಾವಕಾಶ ಹೇಳುತ್ತೇನೆ.

ಮೊದಲು /ಡೆವ್ ಅಂದರೆ ಕೈಯಿಂದ ಬರೆದ ಹಾಜರಿ ಪಟ್ಟಿ ಇದ್ದ ಹಾಗೆ. ಇರುವ ಸಾಧನ, ಇಲ್ಲದ ಸಾಧನ, ಮುಂದೆಂದಾದರೂ ಬರಬಹುದಾದ ಸಾಧನ ಎಲ್ಲಕ್ಕೂ ಎಂಕೆನಾಡ್ ಹೊಡೆದು ಗೂಟ ನೆಡುತ್ತಿದ್ದೆವು. ಸಾವಿರಾರು ಗೂಟ, ಅದರಲ್ಲಿ ದನ ಕಟ್ಟಿದ್ದು ನಾಲ್ಕಕ್ಕೆ. 2.4 ಕರ್ನಲ್ ಕಾಲಕ್ಕೆ ರಿಚರ್ಡ್ ಗೂಚ್ ಎಂಬಾತನ ಡೆವ್‌ಎಫ್‌ಎಸ್ ಬಂತು. ಇರುವ ಸಾಧನಕ್ಕೆ ಮಾತ್ರ ಕರ್ನಲ್ಲೇ ಗೂಟ ನೆಡುತ್ತಿತ್ತು. ಆದರೆ ಹೆಸರು ಯಾವುದಿರಬೇಕು ಎಂಬುದನ್ನೂ ಕರ್ನಲ್ ಒಳಗೇ ಬಿಗಿದಿಟ್ಟಿದ್ದರು, ಒಳಗೆ ಬೇರೆ ತೊಡಕುಗಳೂ ಇದ್ದವು. 2003ರಲ್ಲಿ ಗ್ರೆಗ್ ಕ್ರೋಹ್ ಹಾರ್ಟ್‌ಮನ್ ಯೂಡೆವ್ ತಂದ. 2006ರಲ್ಲಿ ಡೆವ್‌ಎಫ್‌ಎಸ್ ಅನ್ನು ಕರ್ನಲ್‌ನಿಂದ ಕಿತ್ತೇ ಹಾಕಿದರು. 2009ರ ಡಿಸೆಂಬರ್‌ನಲ್ಲಿ ಬಂದ 2.6.32 ಕರ್ನಲ್‌ನಲ್ಲಿ ಡೆವ್‌ಟಿಎಂಪಿಎಫ್‌ಎಸ್ ಕಾಣಿಸಿಕೊಂಡಿತು. ಗೂಟ ಮತ್ತೆ ಕರ್ನಲ್ಲೇ ನೆಡುತ್ತದೆ. ಹೆಸರಿನ ಕೊಂಡಿ, ಮಾಲೀಕ, ಪರವಾನಗಿ ಇವೆಲ್ಲ ಯೂಡೆವ್ ಕೈಗೆ. 2012ರಿಂದ ಯೂಡೆವ್‌ಗೆ ಡೆವ್‌ಟಿಎಂಪಿಎಫ್‌ಎಸ್ ಇರಲೇಬೇಕು. ಅದೇ ವರ್ಷ ಯೂಡೆವ್ ಹೋಗಿ ಸಿಸ್ಟಮ್‌ಡಿ ಮನೆ ಸೇರಿತು. ಆ ಮನೆಗೆ ಹೋಗಲೊಲ್ಲದ ಜೆಂಟೂ ಹುಡುಗರು ಈಯೂಡೆವ್ ಅಂತ ಬೇರೆ ಒಲೆ ಹೂಡಿದರು.

ಇಷ್ಟು ಇತಿಹಾಸ ನಿನಗೆ ಯಾಕೆ ಬೇಕು ಅಂದರೆ, ನೀನು ಒಂದು ಕಾಲದ ಕರ್ನಲ್ ತೆಗೆದುಕೊಂಡು, ಇನ್ನೊಂದು ಕಾಲದ ಯೂಡೆವ್ ಸೇರಿಸಿ, ಮೂರನೆಯ ಕಾಲದ ನಿಯಮಗಳನ್ನು ಎಲ್ಲಿಂದಲೋ ಎತ್ತಿ ಅಂಟಿಸುತ್ತೀ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಗುತ್ತದೆ. ಹಳೆಯ ನಿಯಮಗಳಲ್ಲಿ ನೇಮ್ ಅಂತ ಬರೆದು ಡಿಸ್ಕಿನ ಅಸಲು ಹೆಸರನ್ನೇ ಬದಲಿಸುತ್ತಿದ್ದೆವು. ಈಗಿನ ಯೂಡೆವ್ ಅದನ್ನು ಕೇಳುವುದಿಲ್ಲ. ನೆಟ್‌ವರ್ಕ್ ಕಾರ್ಡಿನ ಹೆಸರನ್ನು ಮಾತ್ರ ಬದಲಿಸುತ್ತದೆ. ಉಳಿದದ್ದಕ್ಕೆ ಕರ್ನಲ್ ಇಟ್ಟ ಹೆಸರೇ ಖಾಯಂ, ನೀನು ಅಡ್ಡಹೆಸರು ಕೂಡಿಸಬಹುದು, ಅಂದರೆ ಸಿಮ್‌ಲಿಂಕ್. ನಮ್ಮ ಕಡೆ ಒಂದೇ ಓಣಿಯಲ್ಲಿ ಹತ್ತು ಬಸಪ್ಪರಿದ್ದರೂ ಅಡ್ಡಹೆಸರಿನಿಂದ ಟಪಾಲು ಸರಿಯಾದ ಮನೆಗೆ ಮುಟ್ಟುತ್ತದಲ್ಲ, ಅದೇ ಲೆಕ್ಕ. ಕರ್ನಲ್ ಸಂರಚನೆಯಲ್ಲಿ ಡೆವ್‌ಟಿಎಂಪಿಎಫ್‌ಎಸ್‌ಗೆ ‘ಹೌದು’ ಅಂತ ಇರಲಿ, ಅದನ್ನು ತಾನೇ ಮೌಂಟ್ ಮಾಡುವ ಆಯ್ಕೆಗೂ ‘ಹೌದು’. ಬುತ್ತಿ ಕಟ್ಟಿದ್ದರೆ ಮಾತ್ರ ಆ ಎರಡನೆಯ ಆಯ್ಕೆ ನಡೆಯುವುದಿಲ್ಲ, ಬುತ್ತಿಯೊಳಗಿನ ಸ್ಕ್ರಿಪ್ಟಿನಲ್ಲಿ ನೀನೇ ಮೌಂಟ್ ಮಾಡಬೇಕು. ಇದನ್ನು ಮರೆತು ಕೂತವರನ್ನು ನಾನು ಬಹಳ ಕಂಡಿದ್ದೇನೆ.

ಈಗ ನನ್ನ ಕೈ ಸುಟ್ಟ ಕಥೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಹೊಸತು. ಬೈಲಹೊಂಗಲದ ಕಡೆ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನವರು ತೂಕದ ಕಾಟಾಕ್ಕೆ ಒಂದು ಸಣ್ಣ ಯಂತ್ರ ಮಾಡಿಕೊಡಿ ಅಂದರು. ಕಾಟಾದಿಂದ ತೂಕ ಓದಬೇಕು, ಚೀಟಿ ಮುದ್ರಿಸಬೇಕು, ಅಷ್ಟೇ. ಅಷ್ಟಕ್ಕೆ ದೊಡ್ಡ ವ್ಯವಸ್ಥೆ ಯಾಕೆಂದು ನಾನೇ ಲಿನಕ್ಸ್ ಕಟ್ಟಿದೆ. ಕಾಟಾದ ಡಿಸ್‌ಪ್ಲೇಗೂ ಚೀಟಿ ಪ್ರಿಂಟರಿಗೂ ಹಳೆಯ ಸೀರಿಯಲ್ ಕೇಬಲ್ ಇತ್ತು, ಯಂತ್ರಕ್ಕೆ ಯುಎಸ್‌ಬಿ ಮಾತ್ರ. ಎರಡು ಅಗ್ಗದ ಪರಿವರ್ತಕ ತಂದು ಜೋಡಿಸಿದೆ. ಮೊದಲು ಚುಚ್ಚಿದ್ದು ಟಿಟಿವೈ ಯುಎಸ್‌ಬಿ ಸೊನ್ನೆ ಆಯಿತು, ಅದು ಕಾಟಾ. ಎರಡನೆಯದು ಒಂದು, ಅದು ಪ್ರಿಂಟರ್. ಪ್ರೋಗ್ರಾಮಿನಲ್ಲಿ ಹಾಗೆಯೇ ಬರೆದೆ. ಎರಡು ತಿಂಗಳು ನಡೆಯಿತು.

ಜನವರಿಯಲ್ಲಿ ಹತ್ತಿ ಸುಗ್ಗಿ. ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಕರೆಂಟ್ ಹೋಗಿ ಬಂತು. ಯಂತ್ರ ಮತ್ತೆ ಎದ್ದಿತು, ಪರದೆಯ ಮೇಲೆ ತೂಕ ಸೊನ್ನೆ. ಹೊರಗೆ ಟ್ರ್ಯಾಕ್ಟರ್ ನಿಂತಿದೆ, ಕಾಟಾದ ಡಿಸ್‌ಪ್ಲೇ ಮೇಲೆ ಕೆಂಪು ಅಂಕಿ ಉರಿಯುತ್ತಿದೆ, ನನ್ನ ಪರದೆಯಲ್ಲಿ ಸೊನ್ನೆ. ನನಗೆ ಹೇಳಿ ಕಳಿಸಿದರು. ನಾನು ಹೋಗುವಷ್ಟರಲ್ಲಿ ಸಾಲು ಹೆದ್ದಾರಿಗೆ ಮುಟ್ಟಿತ್ತು. ಮುರಗೋಡದ ಕಡೆಯಿಂದ ನಸುಕಿನಲ್ಲೇ ಹೊರಟು ಬಂದ ಒಬ್ಬ ಹಿರಿಯರು ಹತ್ತಿಯ ಮೇಲೆ ಹೊದಿಸಿದ್ದ ತಾಡಪತ್ರಿ ಸರಿಪಡಿಸುತ್ತಾ ಕೇಳಿದರು, “ಬಿಸಿಲೇರಿದಂಗ ಅರಳಿ ಒಣಗತೈತಿ, ತೂಕ ಇಳಿತೈತಿ. ಎಷ್ಟೊತ್ತು ಆಕ್ಕೇತ್ರಿ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ತಾಸು ಹುಡುಕಿದ ಮೇಲೆ ತಿಳಿಯಿತು. ಕರೆಂಟ್ ಬಂದಾಗ ಎರಡು ಪರಿವರ್ತಕಗಳಲ್ಲಿ ಪ್ರಿಂಟರಿನದು ಮೊದಲು ಎದ್ದಿತ್ತು. ಸೊನ್ನೆ ಅದಕ್ಕೆ ಸಿಕ್ಕಿತ್ತು, ಕಾಟಾಕ್ಕೆ ಒಂದು. ಪ್ರೋಗ್ರಾಮು ತೂಕ ಹೇಳು ಅಂತ ಪ್ರಿಂಟರಿನ ಮುಂದೆ ಕೂತಿತ್ತು.

ಆಮೇಲೆ ಅದನ್ನು ಸರಿ ಮಾಡಿದ ಬಗೆ ನಿನಗೆ ಬೇಕಾದ್ದು. /ಡೆವ್/ಸೀರಿಯಲ್ ಒಳಗೆ ಯೂಡೆವ್ ಎರಡು ಬಗೆಯ ಕೊಂಡಿ ಇಡುತ್ತದೆ. ಬೈ-ಐಡಿ ಅಂತ ಒಂದು, ಅದು ಸಾಧನದ ಹೊಟ್ಟೆಯಲ್ಲಿರುವ ಸೀರಿಯಲ್ ಸಂಖ್ಯೆ ನೋಡಿ ಇಟ್ಟದ್ದು. ಬೈ-ಪಾತ್ ಅಂತ ಇನ್ನೊಂದು, ಯಾವ ತೂತಿನಲ್ಲಿ ಚುಚ್ಚಿದೆ ಅಂತ ನೋಡಿ ಇಟ್ಟದ್ದು. ಮೊದಲನೆಯದೇ ಚೆಂದ ಅನ್ನಿಸುತ್ತದೆ. ಆದರೆ ಅಗ್ಗದ ಪರಿವರ್ತಕಗಳಲ್ಲಿ ಸೀರಿಯಲ್ ಸಂಖ್ಯೆಯೇ ಇರುವುದಿಲ್ಲ, ಎರಡಕ್ಕೂ ಒಂದೇ ಹೆಸರು ಬಂದು ಒಂದರ ಕೊಂಡಿಯನ್ನು ಇನ್ನೊಂದು ನುಂಗುತ್ತದೆ. ಹಾಗಾಗಿ ತೂತಿನ ಲೆಕ್ಕವನ್ನೇ ಹಿಡಿದೆ. /ಎಟ್ಸಿ/ಯೂಡೆವ್/ರೂಲ್ಸ್.ಡಿ ಒಳಗೆ ಎರಡು ಸಾಲಿನ ನಿಯಮ ಬರೆದೆ. ಈ ತೂತಿನಲ್ಲಿ ಬಂದದ್ದಕ್ಕೆ ‘ಕಾಟಾ’ ಎಂಬ ಕೊಂಡಿ, ಆ ತೂತಿನಲ್ಲಿ ಬಂದದ್ದಕ್ಕೆ ‘ಚೀಟಿ’ ಎಂಬ ಕೊಂಡಿ. ಪ್ರೋಗ್ರಾಮಿಗೆ ಆ ಎರಡು ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲದ ಹಾಗೆ ಮಾಡಿದೆ. ಯಾರಾದರೂ ಕಸ ಗುಡಿಸುವಾಗ ಕೇಬಲ್ ಕಿತ್ತು ಅದಲುಬದಲು ಚುಚ್ಚಬಾರದಲ್ಲ, ಅದಕ್ಕೆ ನಿಮ್ಮತ್ತೆಯ ಕೆಂಪು ನೇಲ್ ಪಾಲಿಶ್ ಇಸಿದುಕೊಂಡು ಹೋಗಿ ಕಾಟಾದ ತೂತಿಗೂ ಅದರ ಕೇಬಲ್ಲಿಗೂ ಒಂದೊಂದು ಚುಕ್ಕೆ ಇಟ್ಟೆ. ಆ ಯಂತ್ರ ಒಂಬತ್ತು ಸುಗ್ಗಿ ಕಂಡಿತು. ಚುಕ್ಕೆ ಮಾಸಿದಾಗಲೆಲ್ಲ ಹಮಾಲರೇ ಹೊಸದಾಗಿ ಹಚ್ಚುತ್ತಿದ್ದರು.

ಈ ಪಾಠವನ್ನು ನಮ್ಮಪ್ಪ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು, ನನಗೇ ಮರೆತಿತ್ತು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದೆವು. ಉಗರಗೋಳದಿಂದ ಮೇಲಕ್ಕೆ ಎಲ್ಲಿ ನೋಡಿದರೂ ಚಕ್ಕಡಿಗಳೇ. ನಾನು ದೇವಿಯ ದರ್ಶನಕ್ಕೆ ಹೊರಟಾಗ ಅಪ್ಪ ಕೇಳಿದರು, “ತಿರುಗಿ ಬಂದಾಗ ನಮ್ಮ ಚಕ್ಕಡಿ ಹೆಂಗ ಗುರುತು ಹಿಡೀತಿ?” ನಾನು, “ಬೇವಿನ ಗಿಡದಿಂದ ಮೂರನೇದು” ಅಂದೆ. ಅಪ್ಪ ನಕ್ಕು ಮೂಕಿಗೆ ಕಟ್ಟಿದ್ದ ಹಳದಿ ಬಟ್ಟೆ ತೋರಿಸಿದರು. ನಾನು ಬರುವಷ್ಟರಲ್ಲಿ ಬೇವಿನ ಗಿಡದಿಂದ ಮೂರನೆಯದು ರಾಮದುರ್ಗದವರ ಚಕ್ಕಡಿ. ನಡುವೆ ನಾಲ್ಕು ಚಕ್ಕಡಿ ಬಂದು ನಿಂತಿದ್ದವು. ಹಳದಿ ಬಟ್ಟೆ ಹುಡುಕಿಕೊಂಡೇ ಹೋದೆ.

ನಿನ್ನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಎಸ್‌ಡಿಎ1, ಎಸ್‌ಡಿಬಿ1 ಅಂತ ಬರೆದಿದ್ದೀಯಲ್ಲ, ಅದೂ ಬೇವಿನ ಗಿಡದಿಂದ ಮೂರನೆಯದೇ. ಒಂದು ಪೆನ್‌ಡ್ರೈವ್ ಚುಚ್ಚಿ ಯಂತ್ರ ಚಾಲೂ ಮಾಡು, ಸಾಲು ಬದಲಾಗಿರಬಹುದು. ಹಿಂದೆ ಎಚ್‌ಡಿಎ ಎಂದಿದ್ದ ಡಿಸ್ಕುಗಳು ಒಂದು ಕರ್ನಲ್ ಬದಲಾವಣೆಗೆ ಎಸ್‌ಡಿಎ ಆಗಿ, ಅಂದಿನ ಎಷ್ಟೋ ಯಂತ್ರಗಳು ಏಳದೆ ಮಲಗಿದ್ದವು. ಫೈಲ್‌ಸಿಸ್ಟಮ್ ಮಾಡುವಾಗಲೇ ಅದರ ಮೇಲೆ 32 ಅಂಕಿ-ಅಕ್ಷರಗಳ ಯುಯುಐಡಿ ಬೀಳುತ್ತದೆ. ಅದು ಆ ಡಿಸ್ಕಿನ ಹಳದಿ ಬಟ್ಟೆ, ಯಾವ ಕೇಬಲ್ಲಿಗೆ ಹಾಕಿದರೂ ಜೊತೆಗೇ ಇರುತ್ತದೆ. ಅದನ್ನೇ ಬರೆ. ಇಲ್ಲಿಯೂ ಒಂದು ಹೊಂಡ ಇದೆ, ನೋಡಿಕೊಂಡು ನಡೆ. ಬೂಟ್ ಸಾಲಿನಲ್ಲಿ ರೂಟ್ ಎಲ್ಲಿದೆ ಎಂದು ಹೇಳುವಾಗ ಬರೀ ಕರ್ನಲ್‌ಗೆ ಯುಯುಐಡಿ ಅರ್ಥವಾಗುವುದಿಲ್ಲ, ಅದನ್ನು ಹುಡುಕಿಕೊಡುವುದು ಬುತ್ತಿಯೊಳಗಿನ ಪ್ರೋಗ್ರಾಮು. ಬುತ್ತಿ ಇಲ್ಲದೆ ಹೊರಟರೆ ಪಾರ್ಟ್‌ಯುಯುಐಡಿ ಬರೆಯಬೇಕು, ಅದು ಪಾರ್ಟಿಶನ್ ಪಟ್ಟಿಯ ಗುರುತು, ಕರ್ನಲ್‌ಗೆ ನೇರ ತಿಳಿಯುತ್ತದೆ. ಮತ್ತೆ, ಡಿಡಿ ಕಮಾಂಡಿನಿಂದ ಡಿಸ್ಕನ್ನು ಹಾಗೆಯೇ ಇನ್ನೊಂದಕ್ಕೆ ನಕಲು ಮಾಡಿದರೆ ಎರಡೂ ಚಕ್ಕಡಿಗೆ ಒಂದೇ ಹಳದಿ ಬಟ್ಟೆ. ಎರಡನ್ನೂ ಒಟ್ಟಿಗೆ ಚುಚ್ಚಬೇಡ.

ಸಣ್ಣ ಯಂತ್ರಕ್ಕೆ ಇಷ್ಟೆಲ್ಲ ಬೇಕೇ ಅಂತ ನೀನು ಕೇಳಿಯೇ ಕೇಳುತ್ತೀ. ಕೆಲವೊಮ್ಮೆ ಬೇಡ, ಅದಕ್ಕೊಂದು ಉದಾಹರಣೆ ಕೇಳು. 2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಅನ್ನು ಜಗತ್ತಿಗೆ ತೋರಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮುಂತಾದವರು, ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಕೂಡಿ ಮಾಡಿದ್ದು. ಅಂಗೈಯಲ್ಲಿ ಹಿಡಿಯುವ ಯಂತ್ರ, ಸ್ಟ್ರಾಂಗ್‌ಆರ್ಮ್ ಚಿಪ್, ಒಳಗೆ ಲಿನಕ್ಸ್. ಓದು ಬಾರದವರಿಗೆ ಅವರ ಭಾಷೆಯಲ್ಲೇ ಮಾತಾಡಬೇಕು ಎಂಬುದು ಅದರ ಕನಸು. 2004ರಲ್ಲಿ ಪಿಕೋಪೆಟಾ ಮತ್ತು ಬಿಇಎಲ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದವು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೂ ಸ್ಮಾರ್ಟ್‌ಫೋನ್ ಎಂಬ ಮಾತು ನಮ್ಮ ಕಡೆ ಯಾರಿಗೂ ಗೊತ್ತಿರದ ಕಾಲಕ್ಕೆ ಬೆಂಗಳೂರಿನವರು ಅಂಗೈಗೆ ಲಿನಕ್ಸ್ ಇಳಿಸಿದ್ದರು ಎಂಬುದು ಸಣ್ಣ ಮಾತಲ್ಲ. ನಾನು ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ಬಹಳ ಹೊತ್ತು ಕೆಳಗಿಡಲಿಲ್ಲ.

ಅಂಥ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇರುವುದಿಲ್ಲ, ಇರುವುದು ಚೂರು ಫ್ಲ್ಯಾಶ್. ಸಾಧನಗಳೂ ಕಾರ್ಖಾನೆಯಲ್ಲಿ ಬೆಸೆದವೇ ಹೆಚ್ಚು, ಹೊಸ ನೆಂಟರು ಬರುವುದು ಅಪರೂಪ. ಇವತ್ತು ನೀನು ಬಿಲ್ಡ್‌ರೂಟ್ ಎತ್ತಿಕೊಂಡರೆ ಅದು ಮೊದಲೇ ಕೇಳುತ್ತದೆ, /ಡೆವ್ ಯಾರು ನೋಡಿಕೊಳ್ಳುತ್ತಾರೆ ಅಂತ. ಗೂಟಗಳನ್ನು ಖಾಯಂ ನೆಡಬಹುದು, ಡೆವ್‌ಟಿಎಂಪಿಎಫ್‌ಎಸ್ ಒಂದಕ್ಕೇ ಬಿಡಬಹುದು, ಜೊತೆಗೆ ಬಿಜಿಬಾಕ್ಸ್‌ನ ಎಂಡೆವ್ ಇಡಬಹುದು, ಈಯೂಡೆವ್ ಇಡಬಹುದು. ಕಾಟಾದಂಥ ಯಂತ್ರಕ್ಕೆ ಎಂಡೆವ್ ಸಾಕು. ಅದೇ ಯಂತ್ರಕ್ಕೆ ನಾಳೆ ಕಿಟಕಿಗಳ ಪರದೆ ಬೇಕು ಅಂದರೆ ಎಂಡೆವ್ ಇಟ್ಟವನು ಅಳುತ್ತಾನೆ. ಎಕ್ಸ್ ಸರ್ವರ್ ಆಗಲಿ ಲಿಬ್‌ಇನ್‌ಪುಟ್ ಆಗಲಿ ಕೀಲಿಮಣೆ, ಮೌಸ್ ಯಾವುದೆಂದು ಯೂಡೆವ್‌ನ ದಫ್ತರ ನೋಡಿ ತಿಳಿದುಕೊಳ್ಳುತ್ತವೆ. ದಫ್ತರವೇ ಇಲ್ಲದಿದ್ದರೆ ಪರದೆ ಬರುತ್ತದೆ, ಮೌಸ್ ಮಾತ್ರ ಕಲ್ಲಿನ ಹಾಗೆ ಬಿದ್ದಿರುತ್ತದೆ. ಕಳೆದ ತಿಂಗಳು ನಿನ್ನ ಗೆಳೆಯ ಎರಡು ಮೌಸ್ ಬದಲಿಸಿದ್ದಕ್ಕೆ ಕಾರಣ ಇದೇ. ಮೌಸ್ ಕೆಟ್ಟಿರಲಿಲ್ಲ.

ಇನ್ನು ಕೆಲವು ಚಿಲ್ಲರೆ ಮಾತು, ಬೇಗ ಹೇಳಿಬಿಡುತ್ತೇನೆ. ಆ ದಫ್ತರ ಈಗ ಇರುವುದು /ರನ್ ಒಳಗೆ, ಅದು ಪ್ರತಿ ಸಲ ಹೊಸದಾಗಿ ಮೆಮರಿಯಲ್ಲಿ ಹುಟ್ಟಬೇಕು. ನೀನು ಅದನ್ನು ಡಿಸ್ಕಿನ ಸಾದಾ ಫೋಲ್ಡರ್ ಮಾಡಿಟ್ಟರೆ ನಿನ್ನೆಯ ಸಾಧನಗಳ ಲೆಕ್ಕ ಇಂದಿಗೂ ಉಳಿದು ಗೊಂದಲವಾಗುತ್ತದೆ. /ಡೆವ್/ಪಿಟಿಎಸ್ ಮೌಂಟ್ ಆಗದಿದ್ದರೆ ಟರ್ಮಿನಲ್ ಕಿಟಕಿ ತೆರೆಯುವುದಿಲ್ಲ, ದೂರದಿಂದ ಲಾಗಿನ್ ಕೂಡ ಆಗುವುದಿಲ್ಲ. ಡಯಲ್‌ಔಟ್, ವಿಡಿಯೋ, ಇನ್‌ಪುಟ್ ಮುಂತಾದ ಗುಂಪುಗಳನ್ನು /ಎಟ್ಸಿ/ಗ್ರೂಪ್‌ನಲ್ಲಿ ಬರೆಯದೆ ಬಿಟ್ಟರೆ ಯೂಡೆವ್ ಸಾಧನವನ್ನು ಯಾರಿಗೆ ಒಪ್ಪಿಸಬೇಕೋ ತಿಳಿಯದೆ ರೂಟ್ ಕೈಯಲ್ಲೇ ಬಿಡುತ್ತದೆ. ಆಗ ನೀನು ಎಲ್ಲಕ್ಕೂ 777 ಪರವಾನಗಿ ಕೊಟ್ಟು ಕೈ ತೊಳೆದುಕೊಳ್ಳಬೇಡ. ಬಾಗಿಲಿಗೆ ಕೀಲಿ ಸಿಗಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟು ಮಲಗುವವರಿಲ್ಲ. ನಿನ್ನ ನಿಯಮಗಳನ್ನು ಯಾವಾಗಲೂ /ಎಟ್ಸಿ ಒಳಗೆ ಬರೆ, /ಯುಎಸ್‌ಆರ್ ಒಳಗಿನದನ್ನು ತಿದ್ದಬೇಡ, ಮುಂದಿನ ಸಲ ಯೂಡೆವ್ ಹಾಕಿದಾಗ ಅದು ಅಳಿಸಿಹೋಗುತ್ತದೆ. ಸಾಧನ ಚುಚ್ಚುವಾಗ ಯೂಡೆವ್‌ಅಡ್ಮ್ ಮಾನಿಟರ್ ನಡೆಸಿ ಕಣ್ಣಿಟ್ಟು ನೋಡು. ಕರ್ನಲ್ ಏನು ಹೇಳಿತು, ಯೂಡೆವ್ ಏನು ಮಾಡಿತು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಹತ್ತು ನಿಮಿಷ ಅದನ್ನು ನೋಡಿದರೆ ಹತ್ತು ದಿನದ ಊಹೆ ತಪ್ಪುತ್ತದೆ.

ನೀನು ಜಾಣ. ನಿನ್ನ ವಯಸ್ಸಿಗೆ ನಾನು ಕಂಪೈಲರ್ ಎಂಬ ಮಾತೂ ಕೇಳಿರಲಿಲ್ಲ, ನೀನು ಅದನ್ನು ಮೂರು ಸಲ ಕಟ್ಟಿದ್ದೀ. ನಿನ್ನ ಕೈಗೆ ಬೇಕಾದದ್ದು ಸ್ವಲ್ಪ ನಿಧಾನ, ಮತ್ತೆ ಒಂದು ನೋಟ್‌ಬುಕ್. ಬೈಲಹೊಂಗಲದ ಅಂಗಡಿಯಲ್ಲಿ ಸಿಗುವ ಉದ್ದನೆಯ ಜಮಾಖರ್ಚಿನ ಪುಸ್ತಕವೇ ಆಗಲಿ. ಏನು ಕಿತ್ತೆ, ಏನು ಕೂಡಿಸಿದೆ, ಯಾಕೆ ಅಂತ ತಾರೀಖು ಹಾಕಿ ಬರೆ. ಯಂತ್ರದೊಳಗೆ ಬರೆಯಬೇಡ, ಯಂತ್ರ ಏಳದ ದಿನವೇ ಅದು ಬೇಕಾಗುವುದು.

ಭಾರತ ಹುಣ್ಣಿಮೆಗೆ ಊರಿಗೆ ಬರುವೆಯಲ್ಲ, ಆ ಪುಸ್ತಕ ತೆಗೆದುಕೊಂಡು ಬಾ. ತಂಗಿಯನ್ನೂ ಕರೆದುಕೊಂಡು ಬಾ. ಪಡಸಾಲೆಯಲ್ಲಿ ಚಾಪೆ ಹಾಸಿ ಮೂವರೂ ಕೂತು ಮೊದಲ ಪುಟದಿಂದ ನೋಡೋಣ. ಪೆಟ್ಟಿಗೆಯ ಕೀಲಿಕೈ ನಿಮ್ಮಜ್ಜಿಯ ಸೆರಗಿನಲ್ಲೇ ಇದೆ, ಬೆಲ್ಲದುಂಡೆಯೂ ಒಳಗಿದೆ.